ಹೂಕರ್ ಹೆಜ್ಜೆಗೆ ಜೊತೆಯಾದವರು

1989ರಲ್ಲಿ ‘ದಿ ಹೀಲರ್’ ಆಲ್ಬಂ ಹೊರಬಂದಾಗ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಎಪ್ಪತ್ತು ದಾಟಿದ್ದರು. ಕಾರ್ಲೋಸ್ ಸಂಟಾನಾ, ಬಾನಿ ರೇಟ್, ರಾಬರ್ಟ್ ಕ್ರೇ ಅವರಂಥ ತಾರೆಯರು ಅದರಲ್ಲಿ ನುಡಿಸಿದ್ದರು. ಮುಪ್ಪಿನ ಕಲಾವಿದನ ಸುತ್ತ ಹೆಸರುವಾಸಿಗಳನ್ನು ಕೂರಿಸಿ ಮಾರುವ ತಂತ್ರವಿದು, ಅಸಲಿ ಹೂಕರ್ ಇರುವುದು ಒಬ್ಬರೇ ಹಾಡಿದ ಹಳೆಯ ಮುದ್ರಿಕೆಗಳಲ್ಲಿ ಎಂಬ ಮಾತು ಬ್ಲೂಸ್ ರಸಿಕರಲ್ಲಿ ಸಾಮಾನ್ಯ. ನನಗೆ ಹಾಗೆ ಅನಿಸುವುದಿಲ್ಲ. ಜೊತೆಗೆ ಬಂದವರು ತಮ್ಮ ಯಾವ ಅಭ್ಯಾಸವನ್ನು ಬಿಡಬೇಕಾಯಿತು ಎಂದು ಗಮನಿಸಿದಾಗಲೇ ಹೂಕರ್ ಎಷ್ಟು ಸ್ವತಂತ್ರರು ಎಂಬುದು ಕಿವಿಗೆ ಬೀಳುತ್ತದೆ.

ಬ್ಲೂಸ್‌ನ ರೂಢಿಯ ಆವರ್ತ ಹನ್ನೆರಡು ಬಾರ್‌ಗಳದು. ಸ್ವರಮೇಳ ಎಲ್ಲಿ ಬದಲಾಗಬೇಕು ಎಂಬುದೂ ಗೊತ್ತಾಗಿರುತ್ತದೆ. ಮಿಸಿಸಿಪಿಯಲ್ಲಿ ಮಲತಂದೆ ವಿಲ್ ಮೂರ್ ಅವರಿಂದ ಕಲಿತ ಹೂಕರ್ ಒಂದೇ ಸ್ವರಮೇಳದ ಮೇಲೆ ನಿಂತು, ಮಾತು ಮುಗಿದಾಗ ಸಾಲು ಮುಗಿಸುತ್ತಿದ್ದರು. 1948ರಲ್ಲಿ ಡೆಟ್ರಾಯ್ಟ್‌ನಲ್ಲಿ ಧ್ವನಿಮುದ್ರಿಸಿದ ‘ಬೂಗಿ ಚಿಲನ್’ನಲ್ಲಿರುವುದು ಅವರ ದನಿ, ಎಲೆಕ್ಟ್ರಿಕ್ ಗಿಟಾರ್ ಮತ್ತು ನೆಲಕ್ಕೆ ತಟ್ಟುವ ಕಾಲು, ಇಷ್ಟೇ. ಮರುವರ್ಷ ಅದು ಅಮೆರಿಕದ ಆರ್ ಅಂಡ್ ಬಿ ಪಟ್ಟಿಯ ತುದಿಗೇರಿತು. ಹೀಗೆ ಆವರ್ತ ಮೀರುವುದು ಲೆಕ್ಕ ಬಾರದವರ ದೌರ್ಬಲ್ಯ ಎನ್ನುವವರು 1962ರ ‘ಬೂಮ್ ಬೂಮ್’ ಕೇಳಬೇಕು. ಅಲ್ಲಿ ನುರಿತ ಸ್ಟುಡಿಯೊ ವಾದ್ಯಗಾರರ ನಡುವೆ ಅವರು ಹನ್ನೆರಡು ಬಾರ್‌ಗಳ ಚೌಕಟ್ಟಿನಲ್ಲಿ ಸಲೀಸಾಗಿ ಹಾಡುತ್ತಾರೆ. ಲೆಕ್ಕ ಬೇಕೆನಿಸಿದಾಗ ಅವರಿಗೆ ಅದು ದಕ್ಕುತ್ತಿತ್ತು, ಬೇಡವೆನಿಸಿದಾಗ ಬಿಟ್ಟರು.

ಬಿಟ್ಟಾಗ ಜೊತೆಗಾರರಿಗೆ ಎಣಿಕೆಯಿಂದ ಉಪಯೋಗವಿರಲಿಲ್ಲ, ಹಾಡುವವರ ಉಸಿರನ್ನೇ ಗಮನಿಸಬೇಕಿತ್ತು. 1966ರಲ್ಲಿ ನ್ಯೂಯಾರ್ಕಿನ ‘ಕೆಫೆ ಓ ಗೋ ಗೋ’ ಕಛೇರಿಯಲ್ಲಿ ಮಡಿ ವಾಟರ್ಸ್ ಅವರ ತಂಡವೇ ಹಿನ್ನೆಲೆಗಿತ್ತು. ಶಿಕಾಗೊದ ಅಬ್ಬರಕ್ಕೆ ಹೆಸರಾದ ಆ ತಂಡ ಇಲ್ಲಿ ತಗ್ಗಿ ನುಡಿಸುತ್ತದೆ. ಓಟಿಸ್ ಸ್ಪ್ಯಾನ್ ಅವರ ಪಿಯಾನೊ ಹೂಕರ್ ಮಾತು ನಿಲ್ಲಿಸಿದ ಎಡೆಯನ್ನು ಹುಡುಕಿ ಒಳಬರುತ್ತದೆ. 1971ರಲ್ಲಿ ಬಿಡುಗಡೆಯಾದ ‘ಹೂಕರ್ ಎನ್ ಹೀಟ್’ ಇನ್ನೂ ಬಲವಾದ ಸಾಕ್ಷ್ಯ. ಅದರಲ್ಲಿ ಮೊದಲು ಹೂಕರ್ ಒಬ್ಬರೇ. ಆಮೇಲೆ ‘ಕ್ಯಾನ್ಡ್ ಹೀಟ್’ ತಂಡದ ಆ್ಯಲನ್ ವಿಲ್ಸನ್ ಸೇರುತ್ತಾರೆ. ಕೊನೆಗೆ ಇಡೀ ತಂಡ. ಹೂಕರ್ ಅವರ ಹಳೆಯ ಮುದ್ರಿಕೆಗಳನ್ನು ಅರಗಿಸಿಕೊಂಡಿದ್ದ ವಿಲ್ಸನ್ ಅವರ ಹಾರ್ಮೋನಿಕಾ, ಆವರ್ತ ಎಲ್ಲಿ ಮುರಿದರೂ ತಡವರಿಸದು.

‘ದಿ ಹೀಲರ್’ ಬಗೆಗಿನ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಶೀರ್ಷಿಕೆ ಗೀತೆ ಮುಕ್ಕಾಲು ಪಾಲು ಸಂಟಾನಾ ಅವರ ಲೋಕ. ಅಲ್ಲಿ ಹೂಕರ್ ಅತಿಥಿಯಂತೆ ಕೇಳಿಸುತ್ತಾರೆ. ಆದರೆ ಬಾನಿ ರೇಟ್ ಜೊತೆಗಿನ ‘ಐ ಆಮ್ ಇನ್ ದ ಮೂಡ್’ಗೆ ಆ ಮಾತು ಅನ್ವಯಿಸದು. 1951ರ ಮೂಲ ಮುದ್ರಿಕೆಯಲ್ಲಿ ಹೂಕರ್ ದನಿಯ ಮೇಲೆ ಹೂಕರ್ ದನಿಯನ್ನೇ ಮತ್ತೆ ಕೂಡಿಸಿದ್ದರು. ಒಬ್ಬ ಮನುಷ್ಯ ತನ್ನೊಡನೆ ತಾನೇ ಹಾಡಿಕೊಂಡ ಆ ಬಯಕೆಯ ಹಾಡಿಗೆ 1989ರಲ್ಲಿ ಉತ್ತರ ಕೊಡುವ ಇನ್ನೊಬ್ಬರು ಬಂದರು. ರೇಟ್ ತಮ್ಮ ಸ್ಲೈಡ್ ಗಿಟಾರನ್ನು ಮುಂದೆ ಮಾಡುವುದಿಲ್ಲ, ಹೂಕರ್ ಎಳೆದಷ್ಟೇ ಎಳೆಯುತ್ತಾರೆ, ಬಿಟ್ಟಲ್ಲಿ ಹಿಡಿಯುತ್ತಾರೆ. ಅದಕ್ಕೆ ಗ್ರ್ಯಾಮಿ ಬಂತು. ಪ್ರಶಸ್ತಿಯ ಮಾತು ಹಾಗಿರಲಿ, ಈ ಎರಡು ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿದವರು ಎರಡನೆಯದನ್ನು ಬರೀ ವ್ಯಾಪಾರ ಎಂದು ತಳ್ಳಿಹಾಕಲಾರರು.