ಭಜನೆಯ ಸಾಲಿನಲ್ಲಿ ಮಕ್ಕಳು: ಕಲಬುರಗಿ ಸೀಮೆಯಲ್ಲಿ ಹಾಡಿನ ಹಸ್ತಾಂತರ

ತತ್ವಪದಗಳನ್ನು ಕುರಿತು ಈವರೆಗೆ ನಡೆದಿರುವ ಅಧ್ಯಯನಗಳ ಬಹುಪಾಲು ಅವುಗಳ ಅರ್ಥವಿವೇಚನೆಗೆ ಮೀಸಲಾಗಿದೆ. ಗುರುಮಾರ್ಗ, ಆರೂಢ, ಬಯಲು ಮುಂತಾದ ಪರಿಭಾಷೆಗಳ ಚರ್ಚೆ ಸಾಕಷ್ಟು ನಡೆದಿದೆ. ಆದರೆ ಈ ಪದಗಳನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸಿದವರಲ್ಲಿ ಅರ್ಥ ತಿಳಿದವರಷ್ಟೇ ಇರಲಿಲ್ಲ. ಅರ್ಥ ತಿಳಿಯುವ ವಯಸ್ಸಿಗೆ ಮೊದಲೇ ಹಾಡಲು ಕುಳಿತ ಮಕ್ಕಳೂ ಇದ್ದರು. ಈ ಮಕ್ಕಳ ಪಾತ್ರವನ್ನು ವಿದ್ವತ್ತು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಕಡಕೋಳ ಮಡಿವಾಳಪ್ಪ ಮತ್ತು ಆತನ ಶಿಷ್ಯಪರಂಪರೆಯಿಂದಾಗಿ ಕಲಬುರಗಿ ಸೀಮೆ ತತ್ವಪದಗಳ ತವರು ಎನಿಸಿದೆ. ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬ, ತೆಲಗಬಾಳದ ರೇವಪ್ಪ ಮೊದಲಾದವರ ಹೆಸರುಗಳೇ ಈ ಪರಂಪರೆ ಜಾತಿಮತಗಳ ಗಡಿ ದಾಟಿದ್ದನ್ನು ಹೇಳುತ್ತವೆ. ಶಹಾಬಜಾರದಂತಹ ನಗರದ ಹಳೆಯ ಬಡಾವಣೆಗಳಿಗೂ ಕಮಲಾಪುರ ಸುತ್ತಲಿನ ಹಳ್ಳಿಗಳಿಗೂ ಸಮಾನವಾದ ಸಂಸ್ಥೆಯೊಂದಿದ್ದರೆ ಅದು ಭಜನಾಮೇಳ. ಅಮಾವಾಸ್ಯೆ, ಶ್ರಾವಣ ಸೋಮವಾರ, ಶಿವರಾತ್ರಿ, ಸಾವಿನ ಮನೆಯ ಜಾಗರಣೆ, ಹೀಗೆ ಮೇಳ ಕೂಡಲು ನೆಪಗಳು ಹಲವು. ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಮುಂದೆ ಹಾರ್ಮೋನಿಯಂ, ತಬಲಾಗಳೂ ಸೇರಿಕೊಂಡವು.

ಮೇಳದಲ್ಲಿ ಮಗುವಿಗೆ ಪಾಠ ಹೇಳುವ ಗುರು ಪ್ರತ್ಯೇಕವಾಗಿ ಇರುವುದಿಲ್ಲ. ಅಪ್ಪನ ತೊಡೆಯ ಮೇಲೋ ಅಜ್ಜನ ಮಗ್ಗುಲಲ್ಲೋ ಕುಳಿತ ಕೂಸು ಮೊದಲು ಕೈತಟ್ಟುತ್ತದೆ. ಆಮೇಲೆ ಅದರ ಕೈಗೆ ತಾಳ ಬರುತ್ತದೆ. ಮುಮ್ಮೇಳದವರು ನುಡಿ ಹೇಳಿ ಬಿಟ್ಟಾಗ ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆಯಷ್ಟೆ. ಮಗು ಈ ಪಲ್ಲವಿಯಲ್ಲಿ ದನಿಗೂಡಿಸುತ್ತದೆ. ಒಂದೇ ರಾತ್ರಿಯಲ್ಲಿ ಹತ್ತಾರು ಸಲ ಮರಳಿ ಬರುವ ಸಾಲು ತಪ್ಪಿದರೆ ಉಳಿದ ದನಿಗಳು ಅದನ್ನು ಮುಚ್ಚಿಕೊಳ್ಳುತ್ತವೆ, ಸರಿಯಾದರೆ ಮೇಳದ ದನಿಗೆ ಬಲ ಬರುತ್ತದೆ. ತಪ್ಪಲು ಇಷ್ಟು ಅವಕಾಶವಿರುವ ಶಾಲೆ ಅಪರೂಪ. ನುಡಿಗಳು ಬಾಯಿಗೆ ಬರುವುದು ವರ್ಷಗಳ ಮೇಲೆ.

ಭಜನಾಮೇಳ ಬಹುಮಟ್ಟಿಗೆ ಗಂಡಸರ ಲೋಕವಾಗಿತ್ತು ಎಂಬ ಮಿತಿಯನ್ನು ಮರೆಮಾಚಬೇಕಾಗಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಜೋಗುಳ, ಬೀಸುವ ಪದ, ಸೀಗಿ ಹುಣ್ಣಿಮೆಯ ಹಾಡು. ಬೀಸುಕಲ್ಲಿನ ಸುತ್ತಿಗೆ ಹೊಂದಿಕೊಂಡ ತ್ರಿಪದಿಯ ನಡೆಯನ್ನು ತಾಯಿಯ ಮಡಿಲಿನಲ್ಲಿದ್ದ ಮಗು ಕಿವಿಗಿಂತ ಮೊದಲು ಮೈಯಿಂದ ಅರಿಯುತ್ತಿತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಕೈಗೆ ಬಿಡುವು ದೊರೆಯಿತು, ಹಾಡಿಗೆ ನೆಲೆ ತಪ್ಪಿತು. ಮಳೆ ಹೋದಾಗ ಗುರ್ಜಿ ಹೊತ್ತು ಮನೆಮನೆಗೆ ಹೋಗಿ ಹಾಡಿ ನೀರು ಹೊಯ್ಯಿಸಿಕೊಳ್ಳುವ ಆಚರಣೆಯಲ್ಲಂತೂ ಮಕ್ಕಳೇ ಊರಿನ ಪರವಾಗಿ ಹಾಡುವವರು.

ಮಕ್ಕಳಿಗೆ ಸಂಗೀತದಿಂದಾಗುವ ಪ್ರಯೋಜನದ ಬಗೆಗೆ ಹೊರಜಗತ್ತಿನಲ್ಲಿ ನಡೆದ ಚರ್ಚೆಯನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. 1993ರಲ್ಲಿ ಅಮೆರಿಕದ ಸಂಶೋಧಕರು ಮೊಜಾರ್ಟ್‌ನ ಸಂಗೀತ ಕೇಳಿದ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತು ಹದಿನೈದು ನಿಮಿಷ ಉಳಿಯುವ ಒಂದು ಸುಧಾರಣೆಯನ್ನು ವರದಿ ಮಾಡಿದರು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಪ್ರತಿ ನವಜಾತ ಶಿಶುವಿಗೂ ಸಂಗೀತದ ಧ್ವನಿಮುದ್ರಿಕೆ ಕೊಡಲು ಹೊರಟರು. ಕಾಲೇಜಿನ ತರುಣರ ಮೇಲೆ ನಡೆದ ಪ್ರಯೋಗದ ಫಲ ತೊಟ್ಟಿಲನ್ನು ಸೇರಿದ ಬಗೆ ವಿಚಿತ್ರವಾದುದು. 54 ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯೊಂದು, ಸಂಗೀತಶಿಕ್ಷಣದಿಂದ ಮಕ್ಕಳ ಬುದ್ಧಿಶಕ್ತಿ ಅಥವಾ ಓದು ಸುಧಾರಿಸುತ್ತದೆಂಬ ವಾದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ತೋರಿಸಿತು.

ಹಾಗೆಂದು ಫಲವೇ ಇಲ್ಲವೆನ್ನುವಂತಿಲ್ಲ. ಅದನ್ನು ಬೇರೆಡೆ ಹುಡುಕಬೇಕು. ಹುಟ್ಟಿದ ಎರಡು ಮೂರು ದಿನದ ಶಿಶುವಿನ ಮಿದುಳು ಲಯದಲ್ಲಿ ಪೆಟ್ಟು ತಪ್ಪಿದ್ದನ್ನು ಗುರುತಿಸುತ್ತದೆಂದು 2009ರ ಪ್ರಯೋಗವೊಂದು ತಿಳಿಸಿತು. ನಾಲ್ಕು ವರ್ಷದ ಮಕ್ಕಳು ಜೊತೆಯಾಗಿ ಹಾಡಿ ಬಾರಿಸಿದ ಮೇಲೆ, ಸಂಗೀತವಿಲ್ಲದೆ ಅದೇ ಆಟ ಆಡಿದವರಿಗಿಂತ ಹೆಚ್ಚಾಗಿ ಪರಸ್ಪರ ನೆರವಾದರೆಂದು 2010ರಲ್ಲಿ ಜರ್ಮನಿಯ ಕಿರ್ಷ್ನರ್ ಮತ್ತು ಟೊಮಾಸೆಲೊ ಕಂಡುಕೊಂಡರು. ಇಲ್ಲಿ ಎಣಿಕೆಗೆ ಬಂದದ್ದು ಕೇಳಿದ ಸಂಗೀತವಲ್ಲ, ಕೂಡಿ ಮಾಡಿದ ಸಂಗೀತ. ಭಜನೆಯ ಸಾಲಿನಲ್ಲಿ ನಡೆಯುವುದೂ ಇದೇ.

ಬಾಲ್ಯದ ಹಾಡು ಮುಪ್ಪಿನವರೆಗೆ ಬರುವ ಬಗೆ ಇನ್ನೂ ಗಹನವಾದುದು. ದೀರ್ಘಕಾಲದಿಂದ ಪರಿಚಿತವಾದ ಸಂಗೀತವನ್ನು ಗುರುತಿಸುವ ಮಿದುಳಿನ ಭಾಗಗಳು ಅಲ್‌ಝೈಮರ್ ಕಾಯಿಲೆಯಲ್ಲಿ ತಡವಾಗಿ ಸವೆಯುತ್ತವೆಂದು 2015ರ ಸಂಶೋಧನೆ ಸೂಚಿಸಿದೆ. ತತ್ವಪದದ ವಿಷಯದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ದೇಹದ ನಶ್ವರತೆಯನ್ನು ಹೇಳುವ ಪದವನ್ನು ಆರು ವರ್ಷದ ಮಗು ಬರಿಯ ಕುಣಿತದ ಲಯವಾಗಿ ಕಲಿಯುತ್ತದೆ. ಹೆತ್ತವರನ್ನು ಮಣ್ಣಿಗೆ ಕೊಟ್ಟು ಬಂದ ರಾತ್ರಿ ಅದೇ ಪದ ಅದೇ ನಾಲಗೆಯ ಮೇಲೆ ಅರ್ಥವನ್ನು ತೆರೆಯುತ್ತದೆ. ಅರ್ಥ ಬೇಕಾಗುವ ಹೊತ್ತಿಗೆ ಪದ ಒಳಗಿರಬೇಕು. ಆಗ ಕಲಿಯಲು ತೊಡಗಿದರೆ ಕಾಲ ಮೀರಿರುತ್ತದೆ.

ಮೇಳಗಳು ಈಗಲೂ ಇವೆ. ಆದರೆ ಧ್ವನಿವರ್ಧಕದ ಮುಂದೆ ಕುಳಿತ ಕೆಲವರು ಹಾಡುವವರಾಗಿ, ಉಳಿದವರು ಕೇಳುವವರಾಗಿ ಬೇರ್ಪಟ್ಟಂತೆ ಮಗು ಕೂರುವ ಜಾಗ ಕಿರಿದಾಗುತ್ತದೆ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳ ಸಂಪುಟಗಳನ್ನು ಹೊರತಂದು ಪಠ್ಯವನ್ನು ಕಾಪಾಡಿದ್ದು ದೊಡ್ಡ ಕೆಲಸ. ಮುದ್ರಿತ ಪುಟದಲ್ಲಿ ಪಲ್ಲವಿ, ಅನುಪಲ್ಲವಿ, ನುಡಿಗಳ ಗುರುತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ನುಡಿಯ ಕೊನೆಯಲ್ಲಿ ಎಷ್ಟು ತಡೆದು ಪಲ್ಲವಿಗೆ ಮರಳಬೇಕೆಂಬುದು ಇಂದಿಗೂ ಹಾಡುವವನ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಗೊತ್ತು.