ಇಪ್ಪತ್ತೊಂದನೆಯ ಕೊಳವೆ

ಕೂತವರು ಏಳಹೋದಾಗ ಮಂಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಮಡಚಲು ಬರುತ್ತದೆ, ಪೂರ್ತಿ ನೀಡಲು ಬರುವುದಿಲ್ಲ. ಇನ್ನು ಕೆಲವರಿಗೆ ಮೆಟ್ಟಿಲಿಳಿಯುವಾಗ ತಟ್ಟನೆ ಕುಸಿದಂತಾಗುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಶಸ್ತ್ರವೈದ್ಯ ವಿಲಿಯಂ ಹೇ 1803ರ ತಮ್ಮ ಪುಸ್ತಕದಲ್ಲಿ ಇಂಥ ಮಂಡಿಗಳನ್ನು ವರ್ಣಿಸಿ, ‘ಮಂಡಿಯೊಳಗಿನ ಏರುಪೇರು’ ಎಂಬರ್ಥದ ಹೆಸರಿಟ್ಟರು. ಏನು ಏರುಪೇರಾಗಿದೆ ಎಂಬುದನ್ನು ಆ ಹೆಸರು ಹೇಳುತ್ತಿರಲಿಲ್ಲ. ಆದರೂ ನೂರು ವರ್ಷಕ್ಕೂ ಮಿಕ್ಕಿ ವೈದ್ಯರು ಅದನ್ನೇ ಬರೆಯುತ್ತ ಬಂದರು. ಎಕ್ಸ್‌ರೇ ಬಂದ ಮೇಲೂ ಕಂಡದ್ದು ಎಲುಬು ಮಾತ್ರ; ಎಲುಬುಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಆಗಲಿ, ಅವನ್ನು ಕಟ್ಟಿಹಿಡಿದ ಲಿಗಮೆಂಟ್ ಆಗಲಿ ಅದರಲ್ಲಿ ಕಾಣುವುದಿಲ್ಲ. ಕಣ್ಣಾರೆ ನೋಡಬೇಕೆಂದರೆ ಮಂಡಿಯನ್ನೇ ಕೊಯ್ದು ತೆರೆಯಬೇಕಿತ್ತು.

ಕೊಯ್ಯದೆ ನೋಡುವ ಹಂಬಲ ಜಪಾನಿನಲ್ಲಿ ಹುಟ್ಟಿದ್ದಕ್ಕೆ ಕಾರಣ ನಮಗೆ ಬೇಗ ಅರ್ಥವಾಗುತ್ತದೆ. ಅಲ್ಲಿಯವರದು ನೆಲದ ಮೇಲೆ ಮಂಡಿಯೂರಿ ಕೂರುವ ಬದುಕು. ಕ್ಷಯ ತಗುಲಿದ ಮಂಡಿ ಸೆಟೆದುಕೊಂಡರೆ ಊಟಕ್ಕೆ, ಅತಿಥಿಗಳ ಎದುರಿಗೆ ಕೂರುವುದೇ ಕಷ್ಟ. ರೋಗವನ್ನು ಮೊದಲೇ ಗುರುತಿಸಬೇಕೆಂದು ಟೋಕಿಯೊದ ವೈದ್ಯ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನು ಶವವೊಂದರ ಮಂಡಿಗೆ ತೂರಿಸಿ ಇಣುಕಿದರು. ಯುರೋಪಿನಲ್ಲೂ ಒಬ್ಬಿಬ್ಬರು ಇದೇ ಪ್ರಯತ್ನ ಮಾಡಿದ್ದರು. ಆದರೆ ಪಟ್ಟು ಹಿಡಿದು ಮುಂದುವರಿದವರು ತಕಾಗಿ. ಮಂಡಿಗೆಂದೇ ಅವರು ಮಾಡಿಸಿದ ಮೊದಲ ಕೊಳವೆ 7.3 ಮಿ.ಮೀ. ದಪ್ಪ, ಉಪಯೋಗಕ್ಕೆ ಬಾರದಷ್ಟು. 1931ರ ಹೊತ್ತಿಗೆ ಅದನ್ನು 3.5 ಮಿ.ಮೀ.ಗೆ ಇಳಿಸಿ, ಉಪ್ಪುನೀರು ತುಂಬಿ ಕೀಲನ್ನು ಉಬ್ಬಿಸಿ ನೋಡತೊಡಗಿದರು.

ಅವರ ಶಿಷ್ಯ ಮಸಾಕಿ ವತನಾಬೆ ಯುದ್ಧದಲ್ಲಿ ನಲುಗಿದ ದೇಶದಲ್ಲಿ ಆ ಕೆಲಸ ಮುಂದುವರಿಸಿದರು. ಒಳಗಿನ ಫೋಟೊ ಚೆನ್ನಾಗಿ ಬರುತ್ತಿರಲಿಲ್ಲವಾಗಿ, 1957ರ ಅವರ ಚಿತ್ರಸಂಪುಟಕ್ಕೆ ಕಲಾವಿದರೊಬ್ಬರು ಒಳಗಿನ ನೋಟವನ್ನು ಬಣ್ಣದಲ್ಲಿ ಬರೆದುಕೊಟ್ಟರು. ಆಮೇಲೆ ಬಂದದ್ದು ‘21ನೇ ನಂಬರ್’ ಆರ್ತ್ರೋಸ್ಕೋಪ್, ಎಂದರೆ ಕೀಲಿನೊಳಗೆ ನೋಡುವ ಕೊಳವೆ. ಕೈಯಲ್ಲೇ ಉಜ್ಜಿದ ಮಸೂರಗಳು, ತುದಿಯಲ್ಲಿ ಪುಟ್ಟ ಬಲ್ಬು. ಆ ಬಲ್ಬು ಮಂಡಿಯೊಳಗೇ ಒಡೆಯುವ ಭಯವಿದ್ದರೂ ನೋಟ ಸ್ಪಷ್ಟವಾಗಿತ್ತು. 1962ರ ಮೇ 4ರಂದು, ಬಾಸ್ಕೆಟ್‌ಬಾಲ್ ಆಡುವಾಗ ಮಂಡಿ ತಿರುಚಿಕೊಂಡಿದ್ದ 17ರ ಹುಡುಗನ ಮಂಡಿಯೊಳಗೆ ಕೊಳವೆಯಲ್ಲಿ ನೋಡುತ್ತಲೇ ವತನಾಬೆ ಮೆನಿಸ್ಕಸ್ಸಿನ ಹರಿದ ಚೂರನ್ನಷ್ಟೇ ಕತ್ತರಿಸಿ ತೆಗೆದರು. ಈ ‘ಅಷ್ಟೇ’ ಎಂಬುದರಲ್ಲೇ ಎಲ್ಲ ಇದೆ. ಅಲ್ಲಿಯವರೆಗೆ ಇಡೀ ಮೆತ್ತೆಯನ್ನೇ ಕಿತ್ತುಹಾಕುವುದು ರೂಢಿ. ಹಾಗೆ ಕಿತ್ತ ಮಂಡಿಗಳು ಬೇಗ ಸವೆಯುವ ಗುರುತುಗಳನ್ನು 1948ರಲ್ಲೇ ಫೇರ್‌ಬ್ಯಾಂಕ್ ಎಂಬ ವೈದ್ಯರು ಎಕ್ಸ್‌ರೇಗಳಲ್ಲಿ ತೋರಿಸಿದ್ದರು.

1964ರಲ್ಲಿ ಟೊರಾಂಟೊದ ಶಸ್ತ್ರವೈದ್ಯ ರಾಬರ್ಟ್ ಜಾಕ್ಸನ್ ಟೋಕಿಯೊಗೆ ಬಂದು, ವತನಾಬೆಯವರಿಗೆ ಇಂಗ್ಲಿಷ್ ಹೇಳಿಕೊಟ್ಟು ಈ ವಿದ್ಯೆ ಕಲಿತು ಹೋದರು. ಅವರ ಮೂಲಕ ಅದು ಪಶ್ಚಿಮಕ್ಕೆ ಹಬ್ಬಿತು. ಹಳೆಯ ‘ಏರುಪೇರು’ ಈಗ ಬಿಡಿಬಿಡಿಯಾಗಿ ಕಾಣತೊಡಗಿತು: ಉದ್ದಕ್ಕೆ ಹರಿದ ಮೆನಿಸ್ಕಸ್ ಬಕೆಟ್ಟಿನ ಹಿಡಿಯಂತೆ ಮಗುಚಿ ಕೀಲಿನ ನಡುವೆ ಸಿಕ್ಕಿಕೊಂಡರೆ ಮಂಡಿ ಲಾಕ್ ಆಗುತ್ತದೆ, ಮಂಡಿಯೊಳಗಿನ ಮುಂಭಾಗದ ಲಿಗಮೆಂಟ್ (ಎಸಿಎಲ್) ಹರಿದಿದ್ದರೆ ತಿರುಗುವಾಗ ಜಾರುತ್ತದೆ.

ಈ ಎರಡನೆಯದನ್ನು ಹಿಡಿಯಲು ಅನುಭವಿ ಕೈಗೆ ಕೊಳವೆಯೂ ಬೇಕಿರಲಿಲ್ಲ. ಮಂಡಿಯನ್ನು 20-30 ಡಿಗ್ರಿ ಮಡಚಿ, ತೊಡೆಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಕೆಳಗಿನ ಎಲುಬನ್ನು ಮುಂದಕ್ಕೆಳೆದಾಗ ಗಟ್ಟಿ ತಡೆ ಸಿಗದಿದ್ದರೆ ಲಿಗಮೆಂಟ್ ಹರಿದಿರುವ ಸಾಧ್ಯತೆ ಬಹಳ. 1976ರಲ್ಲಿ ವೈದ್ಯ ಜೋಸೆಫ್ ಟಾರ್ಗ್ ಈ ಪರೀಕ್ಷೆಯನ್ನು ಪ್ರಕಟಿಸಿ, ಅದಕ್ಕೆ ತಮ್ಮ ಗುರು ಲಾಕ್‌ಮನ್ ಅವರ ಹೆಸರನ್ನಿಟ್ಟರು. ಇದೇ ಬಗೆಯ ಪರೀಕ್ಷೆಯನ್ನು 1875ರಲ್ಲೇ ಪ್ಯಾರಿಸ್ಸಿನಲ್ಲಿ ನೂಲಿಸ್ ಎಂಬ ಗ್ರೀಕ್ ವೈದ್ಯ ತಮ್ಮ ಪ್ರಬಂಧದಲ್ಲಿ ಬರೆದಿಟ್ಟಿದ್ದರು.