ಪಾದ್ರಿಗಳ ಮನೆಯ ಮರಿಮಂಗ

ನಮ್ಮ ಹೊಳಲೂರಿನಲ್ಲಿ ಮಂಗಕ್ಕೆ ಎರಡು ಪದವಿಗಳುಂಟು. ಜೀವವಿರುವವರೆಗೆ ಅದು ತೆಂಗಿನಕಾಯಿ ಕಳ್ಳ. ಕರೆಂಟಿನ ತಂತಿ ತಗುಲಿ ಸತ್ತು ಬಿದ್ದರೆ ಸಾಕ್ಷಾತ್ ಹನುಮಂತ. ಕವಣೆ ಬೀಸಿ ಓಡಿಸಿದವರೇ ಸತ್ತಮೇಲೆ ಅದಕ್ಕೆ ಕುಂಕುಮವಿಟ್ಟು, ಹೂ ಹಾಕಿ, ಮೆರವಣಿಗೆಯಲ್ಲಿ ಕೊಂಡೊಯ್ದು ಮಣ್ಣು ಮಾಡುತ್ತಾರೆ. ನಾನು ಆರು ವರ್ಷದವನಿದ್ದಾಗ ಹಾಗೆ ಸತ್ತ ಒಂದು ತಾಯಿಮಂಗದ ಎದೆಗೆ ಮರಿಯೊಂದು ಅಂಟಿಕೊಂಡಿತ್ತು. ತಾಯಿಗೆ ಪೂಜೆ ಮಾಡಿದ ಜನಕ್ಕೆ ಮರಿಯನ್ನೇನು ಮಾಡಬೇಕೆಂದು ತೋಚಲಿಲ್ಲ. ನನ್ನ ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿದಳು. ಹೆಸರು ಪುಟ್ಟ.

ಪುಟ್ಟನ ಕಥೆಗೆ ಆಮೇಲೆ ಬರುತ್ತೇನೆ. ಕಳೆದ ವರ್ಷ ಕಿಟೆಲರ ಕನ್ನಡ ಕೋಶದ ವಿಷಯ ಬಂದಾಗ ನಮ್ಮ ಅಧ್ಯಾಪಕರು, ಆ ಪಾದ್ರಿಗಳನ್ನು ಕಳುಹಿದ ಬಾಸೆಲ್ ಮಿಷನ್ನು ಆಫ್ರಿಕದ ಹಳ್ಳಿಗಳಿಗೂ ಜನರನ್ನು ಕಳುಹಿಸಿತ್ತೆಂದು ಹೇಳಿದರು. ಅಲ್ಲಿ ಅವರು ಹೇಗೆ ಬದುಕಿದರೆಂದು ಓದತೊಡಗಿದವನಿಗೆ, ಆಫ್ರಿಕದ ಪಾದ್ರಿಯೊಬ್ಬನ ಚಾಪೆಯ ಮೇಲೆ ನಮ್ಮ ಪುಟ್ಟನ ದಾಯಾದಿಯೊಂದು ಕುಳಿತಿರುವುದು ಕಣ್ಣಿಗೆ ಬಿತ್ತು. ಈ ಲೇಖನ ಹುಟ್ಟಿದ್ದು ಹಾಗೆ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1828ರಲ್ಲಿ, ನಾಲ್ವರು ತರುಣರು ಪಶ್ಚಿಮ ಆಫ್ರಿಕದ ಚಿನ್ನದ ಕರಾವಳಿಗೆ, ಎಂದರೆ ಇಂದಿನ ಘಾನಾ ದೇಶಕ್ಕೆ, ಹೋಗಿ ಇಳಿದಿದ್ದರು. ಜ್ವರಕ್ಕೆ ತುತ್ತಾಗಿ 1831ರ ಹೊತ್ತಿಗೆ ನಾಲ್ವರೂ ಮಣ್ಣು ಸೇರಿದ್ದರು. 1832ರಲ್ಲಿ ಇನ್ನೂ ಮೂವರು ಹೋದರು. ಅವರಲ್ಲಿ ಇಬ್ಬರು, ಅದರಲ್ಲೂ ಒಬ್ಬರು ಸ್ವತಃ ವೈದ್ಯರು, ಬಹುಬೇಗ ತೀರಿಕೊಂಡರು. ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನು ಉಳಿಸಿದ್ದು ಆ ಊರಿನ ನಾಟಿವೈದ್ಯನ ಔಷಧಿ. ಕಲಿಸಲು ಹೋದವರು ಮೊದಲು ಪ್ರಾಣದ ಋಣವನ್ನೇ ಹೊರಬೇಕಾಯಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ರೀಸರು 1835ರಲ್ಲಿ ಕರಾವಳಿ ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್ ಎಂಬ ಊರು ಸೇರಿದರು. ಮರಮಟ್ಟು ತಂದು ಅವರೇ ನಿಂತು ಮನೆ ಎಬ್ಬಿಸಿದ್ದರಿಂದ ಅಲ್ಲಿಯ ಜನ ಅವರನ್ನು ತಮ್ಮ ಭಾಷೆಯಲ್ಲಿ ‘ಮನೆ ಕಟ್ಟುವವ’ ಎಂದೇ ಕರೆದರು. 1843ರಲ್ಲಿ ವೆಸ್ಟ್ ಇಂಡೀಸಿನಿಂದ ಕೆಲವು ಕಪ್ಪುಜನರ ಕ್ರೈಸ್ತ ಕುಟುಂಬಗಳು ಬಂದು ಅವರನ್ನು ಕೂಡಿಕೊಂಡವು. ಅವರು ತಂದ ಸಸಿಗಳಲ್ಲಿ ಮಾವೂ ಇತ್ತು. ನಮ್ಮ ನಾಡಿನ ಮಾವು ಅರ್ಧ ಭೂಮಿ ಸುತ್ತಿ ಅಕ್ರೊಪಾಂಗಿನ ಪಾದ್ರಿಗಳ ಬೀದಿಗೆ ನೆರಳಾಯಿತು!

ಇನ್ನು ಅವರ ದಿನಚರಿ. ಬೆಳಗಾದರೆ ಪ್ರಾರ್ಥನೆ, ಆಮೇಲೆ ಶಾಲೆ, ಬಿಸಿಲೇರಿದ ಮೇಲೆ ಭಾಷೆಯ ಅಭ್ಯಾಸ, ನಡುನಡುವೆ ಹುಣ್ಣು ಜ್ವರಗಳೆಂದು ಬಂದವರಿಗೆ ಔಷಧಿ, ತೋಟದ ಕೆಲಸ, ರಾತ್ರಿ ದೀಪದ ಮುಂದೆ ಬಾಸೆಲಿನ ಸಮಿತಿಗೆ ವರದಿ. ಧಾರವಾಡದಲ್ಲಾಗಲಿ ಅಕ್ರೊಪಾಂಗಿನಲ್ಲಾಗಲಿ ಈ ಕ್ರಮದಲ್ಲಿ ಹೆಚ್ಚು ಭೇದವಿರಲಿಲ್ಲ. ಫರ್ಡಿನೆಂಡ್ ಕಿಟೆಲರು ನಮ್ಮ ನಾಡಿಗೆ ಹೊರಟ 1853ರಲ್ಲೇ ಅವರ ಜೊತೆಯ ವಿದ್ಯಾರ್ಥಿ ಕ್ರಿಸ್ಟಾಲರ್ ಆಫ್ರಿಕಕ್ಕೆ ಹೊರಟರು. ಇವರು 1894ರಲ್ಲಿ ಕನ್ನಡ ಕೋಶ ಕೊಟ್ಟರೆ ಅವರು 1881ರಲ್ಲಿ ಅಲ್ಲಿಯ ಟ್ವೀ ಭಾಷೆಗೆ ಕೋಶ ಕೊಟ್ಟರು. ಒಂದೇ ಗುರುಕುಲದ ಇಬ್ಬರು!

ಆದರೆ ನನ್ನ ಮನಸ್ಸು ನಿಂತದ್ದು ಕೋಶಗಳ ಮೇಲಲ್ಲ, ಆ ಮನೆಗಳ ಮೌನದ ಮೇಲೆ. ಮಿಷನರಿ ಮದುವೆಯಾಗಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ಜನ ತಾವು ಸರಿಯಾಗಿ ಕಂಡರಿಯದ ವಧುವನ್ನು ಹಡಗಿನಿಂದ ಇಳಿಸಿಕೊಂಡು ಮದುವೆಯಾದರು. ಮಕ್ಕಳಾದರೆ, ಅದೇ 1853ರಲ್ಲಿ ಬಂದ ಕಟ್ಟಳೆಯ ಪ್ರಕಾರ, ಸುಮಾರು ಆರು ವರ್ಷ ತುಂಬುವುದರೊಳಗೆ ಅವರನ್ನು ಯೂರೋಪಿಗೆ ಕಳುಹಿಸಿಬಿಡಬೇಕು. ಅವರಿಗಾಗಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯೇ ಇತ್ತು. ಮತ್ತೆ ಮುಖ ನೋಡುವುದು ಎಷ್ಟೋ ವರ್ಷಗಳ ಮೇಲೆ. ಕೆಲವರಿಗೆ ಅದೂ ಇಲ್ಲ. ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ತಾಯಿಯ ಸ್ವಂತ ಮಕ್ಕಳು ಸಮುದ್ರದ ಆಚೆ. ಇದನ್ನು ನಿಯಮವಾಗಿ ಬರೆದವರ ಕೈ ನಡುಗಲಿಲ್ಲವೇ ಎಂದು ನಾನು ಕೇಳಿಕೊಂಡಿದ್ದೇನೆ. ಇಂಥ ಮನೆಗೆ ಯಾರಾದರೂ ಒಂದು ಮರಿಯನ್ನು ತಂದರೆ, ಅದು ಬಂದು ಕೊರಳು ತಬ್ಬಿದರೆ, ಬೇಡವೆನ್ನುವವರು ಯಾರು?

ಈ ಮರಿಯ ವಿಷಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆದಿಟ್ಟವರು ಡೇವಿಡ್ ಲಿವಿಂಗ್‌ಸ್ಟನ್. 1810ರಲ್ಲಿ ನಮ್ಮ ಬಳ್ಳಾರಿಗೆ ಜಾನ್ ಹ್ಯಾಂಡ್ಸರನ್ನು ಕಳುಹಿದ ಲಂಡನ್ ಮಿಷನ್ನೇ 1841ರಲ್ಲಿ ಇವರನ್ನು ಆಫ್ರಿಕಕ್ಕೆ ಸೇರಿಸಿತ್ತು. ಮುಂದೆ ಅವರು ಮಿಷನ್ನಿನ ಕೆಲಸ ಬಿಟ್ಟು ನದಿಗಳ ಮೂಲ ಹುಡುಕುತ್ತ ಅಲೆದರು. 1871ರಲ್ಲಿ, ಕಾಂಗೋ ಸೀಮೆಯ ಒಂದು ಹಳ್ಳಿಯಲ್ಲಿದ್ದಾಗ, ವ್ಯಾಪಾರಿಯೊಬ್ಬ ಅವರಿಗೆ ‘ಸೋಕೊ’ ಎಂಬ ಹೆಣ್ಣುಮರಿಯನ್ನು ಕೊಟ್ಟ. ಬಾಲವಿಲ್ಲದ ದೊಡ್ಡ ಜಾತಿ. ಲಿವಿಂಗ್‌ಸ್ಟನ್ನರು ಗೊರಿಲ್ಲಾ ಎಂದುಕೊಂಡಿದ್ದರು, ತಿಳಿದವರು ಚಿಂಪಾಂಜಿ ಎನ್ನುತ್ತಾರೆ. ಕುಳಿತರೆ ಒಂದೂವರೆ ಅಡಿ. ಅವರ ಪಕ್ಕದಲ್ಲಿ ಚಾಪೆಯ ಮೇಲೆ ಸದ್ದಿಲ್ಲದೆ ಕೂರುತ್ತಿತ್ತು. ಎಲೆಯಿಂದ ಮುಖ ಒರೆಸಿಕೊಳ್ಳುತ್ತಿತ್ತು. ಮಲಗುವಾಗ ಚಾಪೆ ಹೊದ್ದುಕೊಳ್ಳುತ್ತಿತ್ತು. ಎತ್ತಿಕೊಳ್ಳಿರೆಂದು ಕೈ ಚಾಚುತ್ತಿತ್ತು. ಎತ್ತಿಕೊಳ್ಳದಿದ್ದರೆ ಮನುಷ್ಯರ ಮಗುವಿನಂತೆ ಕೈ ಹೊಸೆದು ಅಳುತ್ತಿತ್ತು. ಆದರೆ ಇದನ್ನು ನೋಡಲು ಜನ ಮುತ್ತಿಕೊಳ್ಳುವುದರಿಂದ ಪ್ರಯಾಣದಲ್ಲಿ ತೊಂದರೆಯಾದೀತೆಂಬ ಚಿಂತೆ ಅವರಿಗೆ.

ಅದರ ತಾಯಿ? ಮರಿಯನ್ನು ಹಿಡಿಯುವಾಗ ಕೊಂದಿದ್ದರು. ಇದೊಂದು ಮಾತನ್ನು ವಾಚಕರು ಗಮನಿಸಬೇಕು. ಈ ಜಾತಿಗಳಲ್ಲಿ ತಾಯಿ ಬದುಕಿರುವಾಗ ಮರಿಯನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮನೆಯೊಳಗಿನ ಪ್ರತಿಯೊಂದು ಮುದ್ದುಮರಿಯ ಹಿಂದೆ ಕಾಡಿನಲ್ಲೊಂದು ಹೆಣವಿರುತ್ತದೆ. ಗಬಾನಿನ ಲಂಬಾರೆನೆಯಲ್ಲಿ 1913ರಲ್ಲಿ ಆಸ್ಪತ್ರೆ ತೆರೆದ ಆಲ್ಬರ್ಟ್ ಶ್ವೈಟ್ಜರರ ಅಂಗಳದಲ್ಲಿ ಜಿಂಕೆ, ಹೆಜ್ಜಾರ್ಲೆ, ಕಾಡುಹಂದಿಗಳ ಜೊತೆಗೆ ಚಿಂಪಾಂಜಿಗಳೂ ಇದ್ದವು. ಅವೂ ಬೇಟೆಯಲ್ಲಿ ತಾಯನ್ನು ಕಳೆದುಕೊಂಡು ಬಂದ ಅನಾಥಗಳು.

ಮರಿಯಾಗಿರುವವರೆಗೆ ಸರಿ. ನಮ್ಮ ಊರ ಮಂಗ ಮೂರು ನಾಲ್ಕು ವರ್ಷಕ್ಕೆ ಬೆಳೆದುಬಿಡುತ್ತದೆ. ಹಿಂಡಿನಲ್ಲಿ ಯಾರು ಮೇಲು, ಯಾರು ಕೆಳಗೆಂಬುದು ಹಲ್ಲಿನಿಂದಲೇ ತೀರ್ಮಾನ. ಮನೆಯೇ ಹಿಂಡಾದಾಗ ಅದು ಮೊದಲು ಪರೀಕ್ಷಿಸುವುದು ಮನೆಯ ಚಿಕ್ಕ ಮಕ್ಕಳನ್ನು. ಪುಟ್ಟನ ಲೆಕ್ಕದಲ್ಲಿ ನಾನೇ ಎಲ್ಲರಿಗಿಂತ ಕೆಳಗಿನವನು. ನನ್ನ ಎಡಗೈಯಲ್ಲಿ ಎರಡು ಕಲೆಗಳು ಇನ್ನೂ ಇವೆ. ಚುಚ್ಚುಮದ್ದಿಗಾಗಿ ಅಪ್ಪ ನನ್ನನ್ನು ಶಿವಮೊಗ್ಗಕ್ಕೆ ಹಲವು ಸಲ ಕರೆದೊಯ್ದರು. ನಮ್ಮ ಜಿಲ್ಲೆಯವರಿಗೆ ಮಂಗವೆಂದರೆ ಬೇರೆಯೇ ಒಂದು ಭಯವುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಅವುಗಳ ಮೈಮೇಲಿನ ಉಣುಗುಗಳ ಮೂಲಕ ರೋಗ ಜನಕ್ಕೂ ತಗುಲಿತು. ಅದೇ ಮಂಗನ ಕಾಯಿಲೆ. ಪುಟ್ಟನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಭಯ ಸಂಬಂಧ ಕೇಳಿ ಬರುವುದಿಲ್ಲವಷ್ಟೆ. ಮೇಲಾಗಿ 1972ರ ಕಾಯಿದೆಯಂತೆ ಕಾಡುಪ್ರಾಣಿಯನ್ನು ಮನೆಯಲ್ಲಿ ಕಟ್ಟಿ ಸಾಕುವುದು ಅಪರಾಧ. ಅಜ್ಜಿಗೆ ಕಾಯಿದೆ ತಿಳಿಯದು.

ಅಪ್ಪ ಮತ್ತು ಚಿಕ್ಕಪ್ಪ ಪುಟ್ಟನನ್ನು ಬುಟ್ಟಿಯಲ್ಲಿ ಮುಚ್ಚಿ ಹೊಳೆಯ ದಡದ ತೋಪಿನಲ್ಲಿ ಬಿಟ್ಟುಬಂದರು. ಮೂರನೆಯ ದಿನ ಅದು ಹಿಂದಿರುಗಿತು. ತೋಪಿನ ಹಿಂಡು ಅದನ್ನು ಸೇರಿಸಿಕೊಂಡಿರಲಿಲ್ಲ. ಒಂದು ಕಿವಿ ಹರಿದಿತ್ತು. ಎರಡನೆಯ ಸಲ ಬಹಳ ದೂರ ಬಿಟ್ಟರು. ಮತ್ತೆ ಬರಲಿಲ್ಲ. ಅಜ್ಜಿ ಯಾರನ್ನೂ ಬೈಯಲಿಲ್ಲ. ಬಹಳ ದಿನ ಸಂಜೆ ಜಗಲಿಯ ತುದಿಯಲ್ಲಿ ಒಂದು ತುತ್ತು ಅನ್ನ ಇಡುತ್ತಿದ್ದಳು. ಅದನ್ನು ಬೇರೆ ಮಂಗಗಳು ತಿಂದುಹೋಗುತ್ತಿದ್ದವು.

ಈ ಲೇಖನಕ್ಕಾಗಿ ಓದಿದ್ದನ್ನು ಹೋದ ತಿಂಗಳು ಅಜ್ಜಿಗೆ ಹೇಳಿದೆ. ಅಕ್ರೊಪಾಂಗ್, ಕೋಶ, ಬಾಸೆಲ್ ಎಲ್ಲಕ್ಕೂ ಹೂಂಗುಟ್ಟುತ್ತ ಬತ್ತಿ ಹೊಸೆಯುತ್ತಿದ್ದಳು. ಲಿವಿಂಗ್‌ಸ್ಟನ್ನರ ಸೋಕೊ ಬಂದಾಗ ಕೈ ನಿಲ್ಲಿಸಿದಳು.

“ಅದೂ ಎತ್ಕೋ ಅಂತ ಕೈ ಚಾಚ್ತಿತ್ತೇನೋ ಮಗಾ?”

“ಹೌದಜ್ಜಿ, ಬರೆದಿಟ್ಟಿದ್ದಾರೆ.”

“ಎತ್ಕೊಂಡಿರ್ತಾನೆ ಬಿಡು,” ಎಂದು ಮತ್ತೆ ಬತ್ತಿ ಹೊಸೆಯತೊಡಗಿದಳು.